ಚೌಡಯ್ಯನವರ ಪಿಟೀಲು, ಮಾಷಾಂಗ್ವಾ ಅವರ ಗಿಟಾರು

ಜೀರೊ, ಅರುಣಾಚಲ ಪ್ರದೇಶ

ಪ್ರೀತಿಯ ಚಿಕ್ಕಪ್ಪನಿಗೆ,

ಜೀರೊ ಸಂಗೀತೋತ್ಸವದ ಕಿರುಚಾಟ ಕೇಳಲು ದೇಶದ ತುದಿಗೇ ಹೋಗಬೇಕೆ, ಅದೆಲ್ಲ ಬಿಳಿಯರನ್ನು ನೋಡಿ ಮಾಡಿದ ನಕಲು ತಾನೆ ಎನ್ನುವುದು ನಿಮ್ಮ ಆಕ್ಷೇಪ. ನಿಮ್ಮದು ಪಿಟೀಲು ಕೇಳಿ ಪಳಗಿದ ಕಿವಿ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಆ ವಾದ್ಯವನ್ನು ಕಲಿತದ್ದು ಯುರೋಪಿಯನ್ನರಿಂದ. ಆಮೇಲೆ ನಮ್ಮವರು ಅದನ್ನು ಚಕ್ಕಳಮಕ್ಕಳ ಹಾಕಿ ಕೂತು ನುಡಿಸಿದರು, ಶ್ರುತಿ ಕಟ್ಟುವ ಕ್ರಮವನ್ನೇ ಬದಲಿಸಿದರು, ಗಮಕಕ್ಕೆ ಒಗ್ಗಿಸಿದರು. ಮೈಸೂರು ಟಿ. ಚೌಡಯ್ಯನವರಂತೂ ಹಿಂದಿನ ಸಾಲಿನವರಿಗೂ ಕೇಳಲೆಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಅದನ್ನು ಯಾರೂ ನಕಲು ಎನ್ನಲಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಸಭಾಂಗಣ ಎದ್ದಿತು. ಜೀರೊದ ವೇದಿಕೆಗೆ ಬರುವ ಒಳ್ಳೆಯ ಬ್ಯಾಂಡುಗಳು ಗಿಟಾರಿನಲ್ಲಿ ಮಾಡುತ್ತಿರುವುದೂ ಇದೇ ಕೆಲಸ, ಇನ್ನೂ ಇನ್ನೂರು ವರ್ಷ ತುಂಬಿಲ್ಲ ಅಷ್ಟೇ. ಇದು ನನ್ನ ವಾದ.

ಮೊದಲು ಈ ಉತ್ಸವದ ಬಗ್ಗೆ ಎರಡು ಮಾತು. 2012ರಲ್ಲಿ ಇದನ್ನು ಹುಟ್ಟುಹಾಕಿದವರು ಇದೇ ಊರಿನ ಬಾಬಿ ಹಾನೊ ಮತ್ತು ದೆಹಲಿಯ ಮೆನ್‌ಹೂಪಾಸ್ ಬ್ಯಾಂಡಿನ ಗಿಟಾರ್ ವಾದಕ ಅನೂಪ್ ಕುಟ್ಟಿ. ಗದ್ದೆಗಳ ನಡುವೆ, ಪೈನ್ ಮರಗಳ ಗುಡ್ಡದ ಕೆಳಗೆ, ಈ ಕಣಿವೆಯ ಆಪಾತಾನಿ ಜನ ಬಿದಿರಿನಿಂದ ವೇದಿಕೆ ಕಟ್ಟುತ್ತಾರೆ. ಹಗಲಿಗೊಂದು, ರಾತ್ರಿಗೊಂದು, ಇಟ್ಟ ಹೆಸರೂ ಸೂರ್ಯಚಂದ್ರರದೇ. ಇಲ್ಲಿ ಹಾಡುವವರು ಸ್ವಂತ ಹಾಡು ಕಟ್ಟುವವರು, ಸಿನಿಮಾದ ಆಸರೆಯಿಲ್ಲದವರು. ‘ಸ್ವತಂತ್ರ ಸಂಗೀತ’ ಎನ್ನುತ್ತಾರೆ, ಸರ್ಕಾರದ ಪ್ರವಾಸೋದ್ಯಮ ಇಲಾಖೆಯ ನೆರವೂ ಪ್ರಾಯೋಜಕರ ದುಡ್ಡೂ ಬೇಕಲ್ಲ ಎಂದು ನೀವು ಕೇಳಬಹುದು. ಬೇಕು. ಅರಮನೆಯ ದುಡ್ಡಿಲ್ಲದೆ ಮೈಸೂರಿನ ಸಂಗೀತವೂ ಬೆಳೆಯಲಿಲ್ಲ. ದುಡ್ಡು ಯಾರದೆಂಬುದಕ್ಕಿಂತ, ಯಾರು ಹಾಡಬೇಕೆಂದು ಆರಿಸುವವರು ಯಾರು ಎಂದು ನೋಡಬೇಕು. ಇಲ್ಲಿ ಆರಿಸುವ ಕೆಲಸಕ್ಕೆ ಕೈಹಾಕಿದವರು ತಾವೇ ಬ್ಯಾಂಡು ಕಟ್ಟಿ ಊರೂರು ತಿರುಗಿದವರು. ಸಿನಿಮಾದಲ್ಲಿ ಹಾಡು ಹಿಟ್ ಆಗದವರಿಗೂ ಇಲ್ಲಿ ಜಾಗ ಸಿಗುವುದು ಅದಕ್ಕೇ.

ಈ ವೇದಿಕೆಯಲ್ಲಿ ಹಾಡಿದವರ ಪೈಕಿ ನಿಮಗೆ ಮೊದಲು ಪರಿಚಯಿಸಬೇಕಾದವರು ಗುರು ರೂಬೆನ್ ಮಾಷಾಂಗ್ವಾ. ಮಣಿಪುರದ ಉಖ್ರುಲ್ ಕಡೆಯ ತಾಂಗ್‌ಖುಲ್ ನಾಗಾ. ತಲೆಯ ಎರಡೂ ಬದಿ ಬೋಳಿಸಿ ನಡುವೆ ಕೂದಲು ಬಿಟ್ಟ ಹಳೆಯ ತಾಂಗ್‌ಖುಲ್ ಕ್ಷೌರ, ಕೈಯಲ್ಲಿ ಗಿಟಾರು, ತುಟಿಗೆ ಹಾರ್ಮೋನಿಕಾ. ಮಿಷನರಿ ವಿಲಿಯಂ ಪೆಟಿಗ್ರೂ 1896ರಲ್ಲಿ ಉಖ್ರುಲ್‌ಗೆ ಬಂದ ಮೇಲೆ ಅಲ್ಲಿ ಚರ್ಚು ಬೇರೂರಿತು. ಪೂರ್ವಿಕರ ಹಾಡುಗಳು ಅನ್ಯಧರ್ಮದವೆನಿಸಿ ಮೂಲೆ ಸೇರಿದವು. ರೂಬೆನ್ ಹಳ್ಳಿಯ ಹಿರಿಯರ ಬಳಿ ಕೂತು ಅವನ್ನು ಸಂಗ್ರಹಿಸಿ, ಬ್ಲೂಸ್ ಧಾಟಿಗೆ ಹೊಂದಿಸಿ ಹಾಡತೊಡಗಿದರು. ಅವರ ಜನರಲ್ಲಿ ತಿಂಗ್‌ತೈಲಾ ಎಂಬ ಕಮಾನಿನ ವಾದ್ಯವಿದೆ, ಯಾಂಕಹುಯ್ ಎಂಬ ಉದ್ದನೆಯ ಬಿದಿರು ಕೊಳಲೂ ಇದೆ. ಎರಡನ್ನೂ ಗಿಟಾರಿನ ಸ್ವರಗಳೊಂದಿಗೆ ಕೂಡುವಂತೆ ಅವರು ತಿದ್ದಿಕೊಂಡರು. ಚೌಡಯ್ಯನವರು ಹೊರಗಿನ ವಾದ್ಯವನ್ನು ನಮ್ಮ ಸಭೆಗೆ ತಕ್ಕಂತೆ ತಿದ್ದಿದರು, ಇವರು ಮನೆಯ ವಾದ್ಯವನ್ನು ಹೊರಗಿನ ಸಭೆಗೆ ತಕ್ಕಂತೆ ತಿದ್ದಿದರು. ದಿಕ್ಕು ಬೇರೆ, ಕೆಲಸ ಒಂದೇ. ಹಾಗೆ ತಿದ್ದಿದರೆ ಮೂಲದ ಶ್ರುತಿ ಕೆಡುವುದಿಲ್ಲವೇ? ಸ್ವಲ್ಪ ಕೆಡುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ಹಾಡುವವರೇ ಇಲ್ಲದ ಹಾಡಿನ ಶುದ್ಧಿಯನ್ನು ಕಾಪಾಡಿ ಏನು ಮಾಡುವುದು? 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಬಂದದ್ದರಿಂದ ಹಾಡು ಒಳ್ಳೆಯದಾಗುವುದಿಲ್ಲ ಬಿಡಿ, ನಿಮಗೆ ಇಂಥದ್ದರಲ್ಲಿ ನಂಬಿಕೆಯಿದೆ ಎಂದು ಹೇಳಿದೆ.

ಇಲ್ಲಿ ಹಾಡಿದ ಇಂಫಾಲ್ ಟಾಕೀಸ್ ಬ್ಯಾಂಡಿನ ಬಗೆ ಬೇರೆ. ಅದನ್ನು ಕಟ್ಟಿದ ಆಖು ಚಿಂಗಾಂಗ್‌ಬಮ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. ಮೈತೈ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಹಾಡುತ್ತಾರೆ. ಸೈನ್ಯದ ವಿಶೇಷಾಧಿಕಾರ ಕಾಯ್ದೆ, ಬಂದೂಕಿನ ನಡುವೆ ಬೆಳೆಯುವ ಮಕ್ಕಳು ಅವರ ವಸ್ತು. ಪಶ್ಚಿಮದಿಂದ ಅವರು ತಂದದ್ದು ರೂಪವನ್ನು, ಸಂಕಟ ಊರಿನದೇ. ಇನ್ನು ನಿಮ್ಮ ಪಕ್ಷಕ್ಕೆ ಬಲ ಕೊಡುವ ಸಾಕ್ಷಿಯನ್ನೂ ಮುಚ್ಚಿಡುವುದಿಲ್ಲ. ಶಿಲ್ಲಾಂಗ್‌ನ ಲೂ ಮಾಜಾ ಇಲ್ಲಿ ಹಾಡಿದವರೇ. ಅವರು 1972ರಿಂದ ಪ್ರತಿ ಮೇ 24ರಂದು ಬಾಬ್ ಡಿಲನ್ ಹುಟ್ಟುಹಬ್ಬವನ್ನು ಡಿಲನ್‌ರ ಹಾಡುಗಳಿಂದಲೇ ಆಚರಿಸುತ್ತ ಬಂದವರು. ಇದಕ್ಕಿಂತ ದೊಡ್ಡ ನಕಲುಂಟೇ ಎಂದರೆ, ಡಿಲನ್ ಕೂಡ ಮೊದಮೊದಲು ತಮಗಿಂತ ಹಿರಿಯ ಗಾಯಕ ವುಡಿ ಗತ್ರಿಯನ್ನೇ ಅನುಕರಿಸಿದವರು ಎನ್ನುತ್ತೇನೆ. ಗುರುವಿನ ಬಾಣಿ ಹಿಡಿಯದೆ ಸ್ವಂತ ಬಾಣಿ ಯಾರಿಗೆ ಬಂದಿದೆ, ಚಿಕ್ಕಪ್ಪ? ಅನುಕರಣೆಯಲ್ಲೇ ನಿಂತುಬಿಟ್ಟ ಬ್ಯಾಂಡುಗಳೂ ಬೇಕಾದಷ್ಟಿವೆ. ಉಚ್ಚಾರಣೆಯಲ್ಲೂ ಅಮೆರಿಕವನ್ನು ಎರವಲು ತಂದವರನ್ನು ನಾನು ಸಮರ್ಥಿಸುವುದಿಲ್ಲ.

ಇನ್ನು ಕಿರುಚಾಟ ಎಂಬ ನಿಮ್ಮ ಮಾತಿಗೆ ಉತ್ತರ ಚೌಡಯ್ಯನವರ ಏಳು ತಂತಿಯಲ್ಲೇ ಇದೆ. ಜೋರಾಗಿ ಕೇಳಿಸಬೇಕೆಂಬ ಹಟ ನಮ್ಮ ಕಚೇರಿಗೂ ಹೊಸದಲ್ಲ. ವಾದ್ಯವನ್ನು ತಮಗೆ ಬೇಕಾದಂತೆ ಒಗ್ಗಿಸಿಕೊಳ್ಳುವುದೂ ಹೊಸದಲ್ಲ. ಸೋನಿಕ್ ಯೂತ್ ಎಂಬ ಅಮೆರಿಕದ ಬ್ಯಾಂಡಿನ ಲೀ ರಾನಾಲ್ಡೊ, ಸ್ಟೀವ್ ಶೆಲ್ಲಿ ಕೂಡ ಇಲ್ಲಿ ನುಡಿಸಿ ಹೋಗಿದ್ದಾರೆ. ಗಿಟಾರನ್ನು ರೂಢಿಯ ಶ್ರುತಿಗೆ ಕಟ್ಟದೆ ತಮಗೆ ಬೇಕಾದಂತೆ ಕಟ್ಟಿಕೊಂಡು ಹೆಸರಾದ ತಂಡ ಅದು. ಅಲ್ಲಿಯವರೇ ತಮ್ಮ ವಾದ್ಯಕ್ಕೆ ಅಷ್ಟು ಸಲಿಗೆ ತೋರಿಸಿರುವಾಗ ಇಲ್ಲಿಯವರು ಸಂಕೋಚ ಪಡಬೇಕಿಲ್ಲ. ನಮ್ಮ ಬೆಂಗಳೂರಿನ ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಕೀಲುಕುದುರೆ ಕಟ್ಟಿಕೊಂಡು ರಾಕ್ ವೇದಿಕೆಯಲ್ಲಿ ಕುಣಿದದ್ದೂ ಇದೇ ಸಲಿಗೆಯಿಂದ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆಪಾತಾನಿಗಳು ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುತ್ತಾರೆ. ಬದುಗಳು ಕಿರಿದು, ನೀರಿನ ಲೆಕ್ಕ ಸೂಕ್ಷ್ಮ. ಈ ಭೂದೃಶ್ಯ 2014ರಿಂದ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ಇಂಥ ಕಣಿವೆಗೆ ಪೈರು ಮಾಗುವ ಹೊತ್ತಿನಲ್ಲೇ ಹೊರಗಿನ ಜನ ನುಗ್ಗಿದರೆ ಕಸ, ವಾಹನ, ಕುಡಿತ ಎಲ್ಲವೂ ಜೊತೆಗೇ ಬರುತ್ತವೆ. ಬಿದಿರಿನ ವೇದಿಕೆ ಕಟ್ಟಿದ ಮಾತ್ರಕ್ಕೆ ಆ ಭಾರ ಇಳಿಯುವುದಿಲ್ಲ. ವೇದಿಕೆ ಕಟ್ಟುವ ಕೂಲಿ, ಮನೆಗಳಲ್ಲಿ ಅತಿಥಿಗಳಿಂದ ಬರುವ ಬಾಡಿಗೆ ಊರಿನವರ ಕೈಸೇರುತ್ತದೆ ಎನ್ನುವುದು ನಿಜ. ಆದರೂ ಎಷ್ಟು ಜನ ಬಂದರೆ ಸಾಕು ಎಂದು ತೀರ್ಮಾನಿಸುವ ಹಕ್ಕು ಆ ಗದ್ದೆಗಳ ಒಡೆಯರಿಗೇ ಇರಬೇಕು, ಟಿಕೆಟ್ ಕೊಂಡ ನಮಗಲ್ಲ.

ಮುಂದಿನ ವರ್ಷ ನೀವೇ ಬಂದು ಕೇಳಿ, ಆಮೇಲೆ ಬೈಯಿರಿ. ಉತ್ಸವ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಡೆಯುತ್ತದೆ. ರೈಲು ನಾಹರ್‌ಲಗುನ್‌ವರೆಗೆ, ಅಲ್ಲಿಂದ ಸುಮೋದಲ್ಲಿ ಘಾಟಿ ಹತ್ತಬೇಕು. ಇನ್ನರ್ ಲೈನ್ ಪರ್ಮಿಟ್ ಇಲ್ಲದೆ ರಾಜ್ಯದೊಳಗೆ ಬಿಡುವುದಿಲ್ಲ, ಅದನ್ನು ಊರಿನಿಂದಲೇ ಮಾಡಿಸಿಕೊಳ್ಳಿ. ಸ್ವೆಟರು, ಕೊಡೆ ಎರಡೂ ಇರಲಿ.