ಎಣಿಸಿ ಉಂಡವಳ ತೂಕ

ಶರಣರು ಪ್ರಸಾದವೆಂದು ಕಣ್ಣಿಗೊತ್ತಿಕೊಂಡುದನ್ನು ಇಂದಿನ ಮಕ್ಕಳು ಕ್ಯಾಲೊರಿಯೆಂದು ಎಣಿಸುತ್ತಿದ್ದಾರೆ. ಕಳೆದ ಶ್ರಾವಣದಲ್ಲಿ ಸಿರುಗುಪ್ಪದಲ್ಲಿ ಪ್ರವಚನ ಮಾಡುತ್ತಾ ನಾವು ಈ ಮಾತನ್ನಾಡಿದಾಗ ಸಭೆ ನಕ್ಕಿತು. ಆ ನಗೆಯಿಂದ ಉತ್ಸಾಹಗೊಂಡು ಇನ್ನಷ್ಟು ಸೇರಿಸಿದೆವು: ಎಲ್ಲರೆದುರು ಮೊಬೈಲಿನಲ್ಲಿ ಎಣಿಸುವುದು, ಅಡುಗೆಮನೆಯ ಕದದ ಮರೆಯಲ್ಲಿ ತಿನ್ನುವುದು, ಆಮೇಲೆ ತೂಕವೇಕೆ ಏರಿತೆಂದು ಅಳುವುದು, ಜಿಹ್ವೆಯನ್ನು ಗೆಲ್ಲದವರಿಗೆ ಗಣಿತವೇನು ಮಾಡೀತು? ತಾಯಂದಿರ ಸಾಲಿನ ತುದಿಯಲ್ಲಿ ಕುಳಿತಿದ್ದ ನಮ್ಮ ಅಣ್ಣನವರ ಮೊಮ್ಮಗಳು ಎದ್ದು ಹೊರಗೆ ಹೋದುದನ್ನು ಕಂಡೆವು. ಕಂಡೂ ಪ್ರವಚನವನ್ನು ಮುಂದುವರಿಸಿದೆವು.

ಹುಡುಗಿಗೆ ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಾಳೆ. ಸಂಕ್ರಾಂತಿಯ ಹೊತ್ತಿಗೆ 58 ಕಿಲೋ ಇದ್ದವಳು ದಿನಕ್ಕೆ 1,400 ಕ್ಯಾಲೊರಿ ಮೀರಬಾರದೆಂದು ನಿಯಮ ಹಾಕಿಕೊಂಡು, ತಿಂದುದನ್ನೆಲ್ಲ ಮೊಬೈಲಿನಲ್ಲಿಯೂ ಒಂದು ನೋಟ್‌ಬುಕ್ಕಿನಲ್ಲಿಯೂ ಬರೆಯತೊಡಗಿದಳು. ಶ್ರಾವಣ ಬರುವಷ್ಟರಲ್ಲಿ 64 ಆಗಿದ್ದಳು. ಮನೆಯವರಿಗೆ ಇದಕ್ಕೆ ಒಂದೇ ವಿವರಣೆ ತೋಚಿತು. ತಾಯಿ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅಜ್ಜಿ ಶೇಂಗಾ ಉಂಡೆಗಳನ್ನು ಎಣಿಸಿಡತೊಡಗಿದರು. ಉಂಡೆಗಳ ಎಣಿಕೆ ತಪ್ಪಲಿಲ್ಲ, ಆದರೂ ಸಂಶಯ ಹೋಗಲಿಲ್ಲ. ಹುಡುಗಿ ತನ್ನ ಮಿತಿಯನ್ನು 1,000ಕ್ಕೆ ಇಳಿಸಿದಳು.

ನಾವು ಮಠದಲ್ಲಿ ಬೆಳೆದವರು. ಪಂಕ್ತಿಯಲ್ಲಿ ಕುಳಿತಾಗ ಎಲೆಯಲ್ಲಿ ಒಂದಗುಳನ್ನೂ ಬಿಡಬಾರದೆಂಬುದು ಅಲ್ಲಿನ ಮೊದಲ ಪಾಠ. ಎಷ್ಟು ಉಂಡೆವೆಂದು ಲೆಕ್ಕವಿಡುವುದು ಎಂದೂ ಪಾಠವಾಗಿರಲಿಲ್ಲ. ಹೊಲದ ದುಡಿಮೆ, ನೀರು ಸೇದುವುದು, ಕಸ ಗುಡಿಸುವುದು ಎಲ್ಲವೂ ಇದ್ದುದರಿಂದ ಉಂಡದ್ದು ಎಲ್ಲಿ ಹೋಯಿತೆಂದು ಕೇಳುವ ಪ್ರಸಂಗವೇ ಬರಲಿಲ್ಲ. ಹೀಗಾಗಿ ತೂಕವೆಂದರೆ ಶೀಲದ ಪ್ರಶ್ನೆಯೆಂದೇ ನಾವು ತಿಳಿದಿದ್ದೆವು. ಅರುವತ್ತು ದಾಟಿದ ಮೇಲೂ ಹಾಗೆಯೇ ತಿಳಿದಿದ್ದೆವು.

ನಮ್ಮ ಕಣ್ಣೆದುರಿಗೇ ಇದ್ದ ಇನ್ನೊಂದು ಸಂಗತಿಯನ್ನು ಹೇಳಬೇಕು. ಆ ವರ್ಷದ ವೈಶಾಖದಲ್ಲಿ ಅಣ್ಣನವರ ಮನೆಗೆ ಹೋಗಿದ್ದೆವು. ಸಿರುಗುಪ್ಪದ ಬೇಸಗೆಯನ್ನು ಬಲ್ಲವರು ಬಲ್ಲರು; ಮಧ್ಯಾಹ್ನ ಪಡಸಾಲೆಯ ಹಾಸುಗಲ್ಲೂ ಕಾಯುತ್ತದೆ. ನಾವೆಲ್ಲ ಅಂಗಿ ಕಳಚಿ ಬೀಸಣಿಗೆ ಹಿಡಿದು ಕುಳಿತಿರಲು ಈ ಹುಡುಗಿ ಮೂಲೆಯಲ್ಲಿ ಶಾಲು ಹೊದ್ದು ಮಲಗಿದ್ದಳು. "ಫ್ಯಾನ್ ಸಣ್ಣದು ಮಾಡ್ರಿ ತಾತ, ಚಳಿ ಆಗ್ತದ" ಎಂದಳು. ಓದುವ ಮಕ್ಕಳ ಸೋಮಾರಿತನಕ್ಕೆ ವೈಶಾಖದಲ್ಲಿಯೂ ಚಳಿಗಾಲವೇ ಎಂದು ನಾವು ನಗೆಯಾಡಿದೆವು. ಆಕೆಯ ಧ್ವನಿ ದಪ್ಪಗಾಗಿತ್ತು, ಮುಖ ಊದಿದಂತಿತ್ತು, ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಮಲಬದ್ಧತೆ, ತಿಂಗಳ ಮುಟ್ಟಿನಲ್ಲಿ ಹೆಚ್ಚಿನ ಸ್ರಾವ ಇವು ತಾಯಿಗೆ ಗೊತ್ತಿದ್ದವು. ಆದರೆ ತೂಕದ ಜೊತೆಗೆ ಇವನ್ನೆಲ್ಲ ಕೂಡಿಸಿ ನೋಡಲು ಯಾರಿಗೂ ಹೊಳೆಯಲಿಲ್ಲ.

ಕೂಡಿಸಿ ನೋಡಿದವರು ಬಳ್ಳಾರಿಯ ಒಬ್ಬ ವೈದ್ಯೆ. ಭಾದ್ರಪದದಲ್ಲಿ ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಕುಳಿತಳೆಂದು ಕರೆದುಕೊಂಡು ಹೋಗಿದ್ದರು. ವೈದ್ಯೆ ಮೊದಲು ಕೇಳಿದುದು ಚಳಿಯ ವಿಚಾರವನ್ನು. ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಎಂಬುದು 38 ಬಂದಿತು. ಸಾಮಾನ್ಯವಾಗಿ ಅದು ನಾಲ್ಕರ ಆಸುಪಾಸನ್ನು ಮೀರಬಾರದು. ಕೊರಳಲ್ಲಿರುವ ಥೈರಾಯ್ಡ್ ಗ್ರಂಥಿ ತನ್ನ ರಸವನ್ನು ಸಾಲದಷ್ಟು ಸ್ರವಿಸಿದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಈ ಟಿ.ಎಸ್.ಎಚ್. ಅನ್ನು ಹೆಚ್ಚು ಹೆಚ್ಚಾಗಿ ಕಳುಹಿಸಿ ಅದನ್ನು ಎಚ್ಚರಿಸಲು ಯತ್ನಿಸುತ್ತದೆಯಂತೆ. ದೇಹದ ಸ್ವಂತ ರಕ್ಷಣಾ ಶಕ್ತಿಯೇ ಈ ಗ್ರಂಥಿಯನ್ನು ಶತ್ರುವೆಂದು ಬಗೆದು ಸವೆಸುವ ರೋಗವೊಂದಿದೆ. 1912ರಲ್ಲಿ ಅದನ್ನು ಮೊದಲು ವರ್ಣಿಸಿದ ಜಪಾನಿನ ಹಶಿಮೊಟೊ ಎಂಬ ವೈದ್ಯರ ಹೆಸರೇ ಅದಕ್ಕಿದೆ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಗ್ರಂಥಿ ಮಂದವಾದರೆ ದೇಹದ ಒಲೆಯೂ ಮಂದ. ಉಂಡದ್ದು ಉರಿಯುವುದು ಕಡಿಮೆ, ನೀರೂ ಉಪ್ಪೂ ಮೈಯಲ್ಲಿ ನಿಲ್ಲುವುದು ಹೆಚ್ಚು.

ಕಥೆ ಇಲ್ಲಿಗೇ ಮುಗಿದಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಆದರೆ ಆ ವೈದ್ಯೆ ಪ್ರಾಮಾಣಿಕರು. ಈ ರೋಗದಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲಿ ಬಹುಪಾಲು ನೀರು. ಉಳಿದುದಕ್ಕೆ ನೋಟ್‌ಬುಕ್ ನೋಡೋಣ ಎಂದರು. ಹುಡುಗಿ ಹೆಮ್ಮೆಯಿಂದಲೇ ತೋರಿಸಿದಳಂತೆ. ಅಲ್ಲಿ ಪ್ರತಿದಿನ "ಅನ್ನ, 100 ಗ್ರಾಂ, 130" ಎಂದಿತ್ತು. ಆಕೆ ತೂಗುತ್ತಿದ್ದುದು ಅಕ್ಕಿಯನ್ನು. ಮೊಬೈಲು ಹೇಳುತ್ತಿದ್ದುದು ಬೆಂದ ಅನ್ನದ ಲೆಕ್ಕವನ್ನು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಯಿದೆ. ಅದು ಬೆಂದು ನೀರು ಕುಡಿದು ಎರಡೂವರೆ ಪಟ್ಟಿಗೂ ಮೀರಿ ತೂಗುವುದರಿಂದ ನೂರು ಗ್ರಾಂ ಅನ್ನದಲ್ಲಿ ಮಾತ್ರ 130. ಒಂದೊಂದು ಊಟಕ್ಕೂ ಇನ್ನೂರಕ್ಕೆ ಮೀರಿ ಲೆಕ್ಕ ತಪ್ಪಿತ್ತು. ಒಗ್ಗರಣೆಯ ಎಣ್ಣೆ ಎಲ್ಲಿಯೂ ಇರಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯೇ ಸುಮಾರು 120. ಎಲೆಯಲ್ಲಿ ಬಿಡಬಾರದೆಂದು ಅಜ್ಜಿ ಬಡಿಸಿದ ಕೊನೆಯ ತುತ್ತನ್ನು ಮುಗಿಸುತ್ತಿದ್ದಳಲ್ಲ, ಅದೂ ಇರಲಿಲ್ಲ. ಅದು ಪ್ರಸಾದ, ಅದನ್ನು ಬರೆಯಬೇಕೆಂದೇ ಆಕೆಗೆ ಅನ್ನಿಸಿರಲಿಲ್ಲ. ಈ ಪಾಠ ಕಲಿಸಿದವರಲ್ಲಿ ನಾವೂ ಒಬ್ಬರು. ಮೊದಲೇ ಕಡಿಮೆ ಬಡಿಸಿಕೊಳ್ಳುವುದೂ ಪ್ರಸಾದನಿಷ್ಠೆಯೇ ಎಂದು ನಾವು ಎಂದೂ ಹೇಳಿರಲಿಲ್ಲ.

ಹೀಗೆ ತಪ್ಪುವುದು ಈ ಹುಡುಗಿಯೊಬ್ಬಳ ಪಾಡಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು, ಎಷ್ಟು ಕಡಿಮೆ ಉಂಡರೂ ಇಳಿಯುವುದಿಲ್ಲವೆನ್ನುತ್ತಿದ್ದ ಹತ್ತು ಜನರನ್ನು ಸೂಕ್ಷ್ಮವಾಗಿ ಪರೀಕ್ಷಿಸಿ ಪ್ರಕಟಿಸಿದರು: ಅವರು ನಿಜವಾಗಿ ಉಂಡುದರಲ್ಲಿ ಸರಾಸರಿ ಅರ್ಧದಷ್ಟು ಬರೆದೇ ಇರಲಿಲ್ಲ. ಬೇಕೆಂದೇ ಮರೆಮಾಚಿದ್ದರೆಂದಲ್ಲ, ತಾವು ಬರೆದುದನ್ನು ತಾವೇ ನಂಬಿದ್ದರು. ನಮ್ಮ ನಾಡಿನಲ್ಲಂತೂ ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣುವ ಮನೆಗಳು. ಅದರಲ್ಲಿಯೂ ಇದು ಭತ್ತದ ಸೀಮೆ. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬರುವ ಮುನ್ನ ಅನ್ನವೆಂಬುದು ಹಬ್ಬದ ಊಟವಾಗಿತ್ತು, ಉಳಿದ ದಿನವೆಲ್ಲ ಜೋಳ, ನವಣೆ ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಈಗ ಮೂರು ಹೊತ್ತೂ ಅಕ್ಕಿಯೇ. ಸಂಜೆಯ ಮಂಡಕ್ಕಿಯೂ ಅಕ್ಕಿಯದೇ, ಅದರ ಜೊತೆಗೆ ಮಿರ್ಚಿ ಬೇರೆ.

ಎಲ್ಲ ಮಕ್ಕಳಿಗೂ ಥೈರಾಯ್ಡ್ ಇರುವುದಿಲ್ಲವೆಂದು ವೈದ್ಯೆ ಎಚ್ಚರಿಸಿದರು. ಮುಟ್ಟು ತಿಂಗಳುಗಟ್ಟಲೆ ತಪ್ಪಿ ಮುಖದಲ್ಲಿ ಕೂದಲು ಬಂದರೆ ಪಿ.ಸಿ.ಒ.ಎಸ್. ಇದ್ದೀತು. ಮೂರ್ಛೆಗೋ ಮಾನಸಿಕ ಕಾಯಿಲೆಗೋ ಕೊಡುವ ಕೆಲವು ಔಷಧಿಗಳಿಂದಲೂ, ಹೆಸರಿಲ್ಲದ ಪುಡಿಗಳಲ್ಲಿ ಬೆರೆತ ಸ್ಟೀರಾಯ್ಡಿನಿಂದಲೂ ತೂಕ ಏರುತ್ತದೆ. ಅಂಥ ಔಷಧಿಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಅಪಾಯ, ಕೊಟ್ಟವರನ್ನೇ ಕೇಳಬೇಕು.

ನಾವು ಅಣ್ಣನವರ ಮನೆಗೆ ಹೋದೆವು. ಚಿಕ್ಕವರಲ್ಲಿ ಕ್ಷಮೆ ಕೇಳುವುದು ನಮ್ಮ ವಯಸ್ಸಿನವರಿಗೆ ಅಭ್ಯಾಸವಿಲ್ಲದ ಕೆಲಸ. ಮಾತು ಹೊರಡುವುದಕ್ಕೆ ಎರಡು ಲೋಟ ಮಜ್ಜಿಗೆ ಹಿಡಿಯಿತು. ಹುಡುಗಿ ತಲೆ ತಗ್ಗಿಸಿ ಕೇಳಿದಳು. ಆಮೇಲೆ ಇಷ್ಟೇ ಅಂದಳು: "ನೀವು ಕೇಳಿದ್ರ ಬುಕ್ ತೋರಸ್ತಿದ್ದೆ ತಾತ. ಯಾರೂ ಕೇಳಲಿಲ್ಲ." ಅದೇ ಸಭೆಯಲ್ಲಿ ತಪ್ಪೊಪ್ಪಿಕೊಳ್ಳುತ್ತೇವೆಂದೆವು. ಬೇಡವೆಂದಳು, ಎಲ್ಲರೂ ಮತ್ತೆ ತನ್ನ ಕಡೆಗೇ ತಿರುಗಿ ನೋಡುತ್ತಾರೆ ಎಂಬುದು ಆಕೆಯ ಮಾತು. ಹೆಸರಿಲ್ಲದೆ ಇಲ್ಲಿ ಬರೆಯಲು ಒಪ್ಪಿದಳು. ಈ ಬರಹವನ್ನು ಮೊದಲು ಓದಿದವಳೂ ಆಕೆಯೇ. ಒಂದೆರಡು ವಾಕ್ಯಗಳನ್ನು ಹೊಡೆದುಹಾಕಿಸಿದಳು.

ಗುಳಿಗೆ ಹಿಡಿದು ಐದು ತಿಂಗಳಾಗಿದೆ. ಮೂರು ಕಿಲೋ ಇಳಿದಿದೆ, ಶಾಲು ಪೆಟ್ಟಿಗೆ ಸೇರಿದೆ. ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಒಂದು ತಾಸಿನವರೆಗೆ ಕಾಫಿಯನ್ನೂ ಮುಟ್ಟಬಾರದು. ಕಬ್ಬಿಣಾಂಶದ ಗುಳಿಗೆಗಂತೂ ನಾಲ್ಕು ತಾಸಿನ ಅಂತರ ಬೇಕು. ಲಿಂಗಪೂಜೆಗೆ ಮುನ್ನ ಬಾಯಿಗೆ ಗುಳಿಗೆ ಹಾಕುವುದು ಹೇಗೆಂದು ಅಜ್ಜಿ ತಕರಾರು ತೆಗೆದರು. ಅದಕ್ಕೆ ಹುಡುಗಿಯೇ ದಾರಿ ಕಂಡುಕೊಂಡಳು. ಐದಕ್ಕೆ ಎದ್ದು ಮಿಂದು ಪೂಜೆ ಮುಗಿಸುತ್ತಾಳೆ, ಆಮೇಲೆ ಗುಳಿಗೆ. ಅಲ್ಲಿಂದ ಒಂದು ತಾಸು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಾಳೆ. ಮೊಮ್ಮಗಳು ಬರಿ ಬಾಯಲ್ಲಿ ಕೂತಿರುವಾಗ ತಾವೊಬ್ಬರೇ ಕಾಫಿ ಕುಡಿಯಲಾರದೆ ಅಜ್ಜಿಯೂ ಆಕೆಯ ಪಕ್ಕದಲ್ಲಿ ಗಡಿಯಾರ ನೋಡುತ್ತಾ ಕುಳಿತಿರುತ್ತಾರೆ.