ಕಾರ್ಡು ಕೊಟ್ಟ ಮಾತು

ಶಾಲೆಯೊಂದರ ವಯಸ್ಸನ್ನು ಅದರ ಕಟ್ಟಡ ನೋಡಿ ಎಣಿಸುವುದು ಲೋಕರೂಢಿ. ಬಲ್ಲವರು ಕಾರ್ಯಾಲಯದ ಒಳಕೋಣೆಗೆ ಹೋಗಿ ಜನರಲ್ ರಜಿಸ್ಟರನ್ನು ತೆರೆಸುತ್ತಾರೆ. ಮೊಳದುದ್ದದ ಆ ವಹಿಯಲ್ಲಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಜನ್ಮದಿನಾಂಕ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಇವೆಲ್ಲವೂ ಒಂದೇ ಸಾಲಿನಲ್ಲಿ ಅಡಕವಾಗಿರುತ್ತವೆ. ‘ಬಿಟ್ಟ ಕಾರಣ’ದ ಅಂಕಣದಲ್ಲಿ ‘ಒಕ್ಕಲುತನ’ ಎಂದೋ ‘ಬಡತನ’ ಎಂದೋ ಟಾಕಿನಿಂದ ಬರೆದ ಒಂದೊಂದು ಶಬ್ದದ ಹಿಂದೆ ಒಂದೊಂದು ಮನೆತನದ ಕಥೆಯಿದೆ. ಅರ್ಧ ಶತಮಾನ ಕಳೆದ ಮೇಲೆ ಜನ್ಮದಿನಾಂಕದ ಆಧಾರ ಬೇಕಾಗಿ ಹಳೆಯ ವಿದ್ಯಾರ್ಥಿ ಹುಡುಕಿಕೊಂಡು ಬರುವುದು ಆ ಒಂದು ಸಾಲನ್ನೇ.

ಮಲಪ್ರಭೆಯ ದಂಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರೊಬ್ಬರಿಗೆ ಈ ವಹಿಗಳ ಮೇಲೆ ವಿಶೇಷ ಮಮತೆ. ನಿವೃತ್ತಿಗೆ ಮೂರು ವರ್ಷ ಉಳಿದಿರುವಾಗ, 2016ರ ಬೇಸಿಗೆಯಲ್ಲಿ, ಹಳೆಯ ಸಂಪುಟಗಳ ಅಂಚನ್ನು ಹುಳು ತಿನ್ನತೊಡಗಿದ್ದನ್ನು ಅವರು ಕಂಡರು. ಒಂಬತ್ತು ಸಂಪುಟಗಳ ಪುಟಪುಟವನ್ನೂ ಛಾಯಾಚಿತ್ರವಾಗಿ ಇಳಿಸಿಡಬೇಕೆಂದು ನಿಶ್ಚಯಿಸಿದರು. ಸಾಧನವೆಂದರೆ ಮಗಳು ಕೊಡಿಸಿದ್ದ ಏಳಿಂಚಿನ ಅಂಗೈಗಣಕ. ಅದರ ಸ್ವಂತ ಉಗ್ರಾಣ 8 ಜಿಬಿ ಮಾತ್ರ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ ಒಳಸಂಸಾರವೇ ಆಕ್ರಮಿಸಿತ್ತು. ಆದುದರಿಂದ ಮೆಮೊರಿ ಕಾರ್ಡೊಂದು ಅವಶ್ಯವಾಯಿತು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವ್ಯಾಪಾರ ನಡೆಯಿತು. “ಸರ, ಇದನ್ನ ತಗೋರಿ. ಮೂವತ್ತೆರಡು ಜಿಬಿ ಐತಿ, ಕಂಪನಿ ಮಾಲು. ದೊಡ್ಡ ಅಂಗಡ್ಯಾಗ ಇದಕ್ಕ ದುಪ್ಪಟ್ಟು ತಗೋತಾರ,” ಎಂದ ಹುಡುಗ. ಬಿಲ್ಲು ಕೇಳಿದಾಗ “ಬಿಲ್ಲು ಬೇಕಂದ್ರ ಮತ್ತ ಟ್ಯಾಕ್ಸ್ ಬೀಳತೈತ್ರಿ,” ಎಂಬ ಉತ್ತರ ಬಂತು. ಮಾಸ್ತರರು ಬಿಲ್ಲು ಬಿಟ್ಟರು. ಊರಿಗೆ ಬಂದು ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿದಾಗ ಪರದೆಯ ಮೇಲೆ 29 ಚಿಲ್ಲರೆ ಜಿಬಿ ಎಂದು ಮೂಡಿತು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ಯಂತ್ರವು 1024ರ ಲೆಕ್ಕದಲ್ಲಿ ಎಣಿಸುತ್ತದೆಂಬುದನ್ನು ಗಣಿತದ ಮಾಸ್ತರರು ಬಲ್ಲರು. ಹಾಗಾಗಿ ಆ ಕೊರತೆಯೇ ಅವರಿಗೆ ಸಾಚಾತನದ ಗುರುತಾಗಿ ಕಂಡಿತು.

ಎರಡು ವರ್ಷ ರವಿವಾರ, ಸೂಟಿ ಎನ್ನದೆ ಕೆಲಸ ಸಾಗಿತು. ಹೊಸ ಸಂಪುಟಗಳನ್ನು ಕೇಳಿ ಬರುವವರು ಹೆಚ್ಚಾದ್ದರಿಂದ ಅವನ್ನು ಮೊದಲು ಮಾಡಿ, ಹಳೆಯವನ್ನು ಕೊನೆಗೆ ಇಟ್ಟುಕೊಂಡರು. ಕಿಟಕಿಯ ಬೆಳಕಿಗೆ ವಹಿಯನ್ನು ಹರವಿ, ಅಂಚಿಗೆ ಕಲ್ಲು ಹೇರಿ, ಒಂದೊಂದು ಪುಟವನ್ನೂ ತೆಗೆದು, ತೆಗೆದೊಡನೆ ಪರದೆಯಲ್ಲಿ ನೋಡಿ ಅಕ್ಷರ ಮೂಡಿದೆಯೆಂದು ಖಾತ್ರಿಪಡಿಸಿಕೊಂಡು ಮುಂದುವರಿಯುತ್ತಿದ್ದರು. 2018ರ ದೀಪಾವಳಿಯ ಹೊತ್ತಿಗೆ 2,840 ಚಿತ್ರಗಳಾದವು. ಮುಖ್ಯಾಧ್ಯಾಪಕರಿಗೆ ತೋರಿಸುವಾಗಲೆಲ್ಲ ಮೊದಲ ಚಿತ್ರಗಳನ್ನೇ ತೆರೆದು ತೋರಿಸುತ್ತಿದ್ದರೆಂಬುದನ್ನು ಇಲ್ಲಿ ನೆನಪಿಡಬೇಕು.

2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿದ್ದು ಎಲ್ಲರಿಗೂ ತಿಳಿದ ಸಂಗತಿ. ಶಾಲೆಯ ಕಾರ್ಯಾಲಯದಲ್ಲಿ ನೀರು ಒಂದೂವರೆ ದಿನ ನಿಂತಿತು. ಹಳೆಯ ಸಂಪುಟಗಳಿದ್ದದ್ದು ಕಪಾಟಿನ ಕೆಳಗಿನ ಅರೆಯಲ್ಲಿ. 1958ರಿಂದ 1966ರವರೆಗಿನ ಎರಡು ವಹಿಗಳು ನೀರಿಳಿದ ಮೇಲೆ ಹಿಟ್ಟಿನ ಮುದ್ದೆಯಂತಾಗಿದ್ದವು. ಮಸಿ ಹರಿದು ಪುಟಗಳೆಲ್ಲ ತೆಳುನೀಲಿಯಾಗಿದ್ದವು. ಊರವರು ಮರುಗಿದರು. ಆಗಷ್ಟೇ ನಿವೃತ್ತರಾಗಿದ್ದ ಮಾಸ್ತರರು ಮಾತ್ರ ಧೈರ್ಯವಾಗಿದ್ದರು.

ದಸರೆ ಕಳೆದ ಮೇಲೆ, ಅಮೇರಿಕೆಯಲ್ಲಿದ್ದ ಮಗನ ಬಳಿಗೆ ಹೋಗಲು ಪಾಸ್‌ಪೋರ್ಟ್ ಮಾಡಿಸಹೊರಟ ಎಪ್ಪತ್ತೆರಡರ ವೃದ್ಧರೊಬ್ಬರು ಬಂದರು. “ಮಾಸ್ತರ್ರ, ನನ್ನ ಹೆಸರು ಹೊಳ್ಯಾಗ ಹೋತೇನ್ರಿ?” “ಎಲ್ಲಿ ಹೋಗತೈತ್ರಿ ಹಿರ್ಯಾರ? ಇಲ್ಲೇ ಕಿಸೇದಾಗ ಐತಿ,” ಎಂದು ಮಾಸ್ತರರು ನಗುತ್ತ ಅಂಗೈಗಣಕವನ್ನು ತೆರೆದರು. ಚಿತ್ರಗಳ ಹೆಸರುಗಳೆಲ್ಲ ಸಾಲಾಗಿ ಇದ್ದವು; ಪ್ರತಿಯೊಂದರ ಗಾತ್ರವೂ 4 ಎಂಬಿಯ ಆಸುಪಾಸು ಸರಿಯಾಗಿ ನಮೂದಾಗಿತ್ತು. ಸುಮಾರು 1,900ರ ತನಕ ಚಿತ್ರಗಳು ತೆರೆದವು. ಮುಂದೊಂದು ಪುಟ ಅರ್ಧ ಮೂಡಿ ಕೆಳಗೆ ಬೂದುಬಣ್ಣದ ಪಟ್ಟಿಯಾಯಿತು. ಅಲ್ಲಿಂದಾಚೆಗೆ ಒಂದೂ ತೆರೆಯಲಿಲ್ಲ. ವೃದ್ಧರು ಚಹಾ ಕುಡಿದು ಎದ್ದುಹೋದರು. ಅವರು ಒಂದು ಕಟುಮಾತನ್ನೂ ಆಡಲಿಲ್ಲವೆಂಬುದು ಮಾಸ್ತರರನ್ನು ಹೆಚ್ಚು ಬಾಧಿಸಿತು.

ಬಾಧೆಯು ಅವರನ್ನು ಅಭ್ಯಾಸಕ್ಕೆ ಹಚ್ಚಿತು. ಮುಂದಿನ ಕೆಲವು ತಿಂಗಳಲ್ಲಿ ಅವರು ಕಂಡುಕೊಂಡ ವಿಷಯಗಳು, ಅಂಗೈಯಲ್ಲಿ ಯಂತ್ರ ಹಿಡಿದಿರುವ ಯಾವ ಗೃಹಸ್ಥನಿಗೂ ಉಪಯುಕ್ತವಾದುವು.

ಅಂಗೈಗಣಕಕ್ಕೆ ಹೊರಗಿನ ಸ್ಮರಣೆಯನ್ನು ಜೋಡಿಸುವ ಪದ್ಧತಿ ಈಚಿನದಲ್ಲ. 1984ರಲ್ಲಿ ಇಂಗ್ಲೆಂಡಿನಿಂದ ಬಂದ ಸಾಯನ್ ಆರ್ಗನೈಸರ್ ಎಂಬ ಕಿಸೆಯಂತ್ರದ ಡೇಟಾಪ್ಯಾಕಿನಲ್ಲಿ ಬರೆದದ್ದನ್ನು ಅಳಿಸಬೇಕಾದರೆ ಅದನ್ನು ಹೊರತೆಗೆದು ಅತಿನೇರಳೆ ಬೆಳಕಿಗೆ ಹಿಡಿಯಬೇಕಿತ್ತು. ತರುವಾಯ ಬಂದ ಕೆಲವು ಕಾರ್ಡುಗಳೊಳಗೆ ಗುಂಡಿಯಾಕಾರದ ಸಣ್ಣ ಬ್ಯಾಟರಿಯಿರುತ್ತಿತ್ತು. ಅದು ತೀರಿದೊಡನೆ ಬರೆದದ್ದೆಲ್ಲವೂ ತೀರಿತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಕೂಡಿ ರೂಪಿಸಿ 2001ರಲ್ಲಿ ತೋರಿಸಿದ ಸಿಂಪ್ಯೂಟರಿನಲ್ಲಿಯೂ ಕಾರ್ಡಿಗೆ ಗೌರವದ ಸ್ಥಾನವಿತ್ತು: ಯಂತ್ರ ಊರಿಗೆಲ್ಲ ಒಂದೇ ಆದರೂ ಪ್ರತಿಯೊಬ್ಬನ ಮಾಹಿತಿ ಅವನವನ ಸ್ಮಾರ್ಟ್ ಕಾರ್ಡಿನಲ್ಲಿ ಇರತಕ್ಕದ್ದೆಂಬ ಸುಂದರ ಕಲ್ಪನೆ ಅದು. ಊರೂರಿಗೆ ಅದು ತಲುಪಲಿಲ್ಲವೆಂಬುದು ಖೇದದ ಮಾತು.

ಇಂದಿನ ಕಾರ್ಡುಗಳ ಜೀವಾಳ ಫ್ಲಾಷ್ ಸ್ಮರಣೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಎಂಬ ವಿಜ್ಞಾನಿ ಅದನ್ನು 1984ರಲ್ಲಿ ಲೋಕದ ಮುಂದಿಟ್ಟರು. ಕ್ಯಾಮೆರಾದ ಮಿಂಚಿನಂತೆ ಒಮ್ಮೆಲೆ ಅಳಿಯುತ್ತದೆಂಬ ಕಾರಣಕ್ಕೆ ಈ ಹೆಸರು ಬಂದಿತು. ಇದೇ ಸ್ಮರಣೆಯಿಂದ 1994ರಲ್ಲಿ ಕಾಂಪ್ಯಾಕ್ಟ್ ಫ್ಲಾಷ್, 1999ರಲ್ಲಿ ಎಸ್‌ಡಿ, 2005ರಲ್ಲಿ ಉಗುರಿನಷ್ಟು ಚಿಕ್ಕದಾದ ಮೈಕ್ರೊ ಎಸ್‌ಡಿ ಕಾರ್ಡುಗಳು ಬಂದವು. ಇದರ ಕಾರ್ಯವಿಧಾನವನ್ನು ಮಾಸ್ತರರು ತಮ್ಮ ಮೊಮ್ಮಗನಿಗೆ ಪಾಟಿಯ ದೃಷ್ಟಾಂತದಿಂದ ತಿಳಿಸುತ್ತಿದ್ದರು. ಪಾಟಿಯ ಮೇಲೆ ಒಂದಕ್ಷರ ತಪ್ಪಿದರೆ ಅದೊಂದನ್ನೇ ಬೆರಳಿನಿಂದ ಒರೆಸಬಹುದು. ಇಲ್ಲಿ ಹಾಗಲ್ಲ, ಒಂದಕ್ಷರಕ್ಕಾಗಿ ಇಡೀ ಪಾಟಿಯನ್ನು ತೊಳೆದು ಮತ್ತೆ ಬರೆಯಬೇಕು. ತೊಳೆದಷ್ಟೂ ಪಾಟಿ ಸವೆಯುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ಟನ್ನು ಇಡುವ ಜಾತಿಯವು ಲಕ್ಷದ ಸಮೀಪ ತೊಳೆತಗಳನ್ನು ತಾಳಿದರೆ, ಅಗ್ಗಕ್ಕಾಗಿ ಮೂರು ನಾಲ್ಕು ಬಿಟ್ಟುಗಳನ್ನು ತುರುಕಿದವು ಅದರ ನೂರರಲ್ಲೊಂದು ಪಾಲಿಗೇ ದಣಿಯಬಹುದು. ಯಾವ ಪಾಟಿ ಎಷ್ಟು ಸವೆದಿದೆ, ಯಾವುದರಲ್ಲಿ ಬರೆಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳಲು ಕಾರ್ಡಿನೊಳಗೇ ಪುಟ್ಟದೊಂದು ಗಣಕ ಕುಳಿತಿರುತ್ತದೆ.

ಮಾಸ್ತರರನ್ನು ಮೋಸಗೊಳಿಸಿದ್ದು ಈ ಒಳಗಿನ ಕಾರಕೂನನೇ. “ನಿನ್ನಲ್ಲಿ ಎಷ್ಟು ಜಾಗವಿದೆ?” ಎಂದು ಯಂತ್ರ ಕೇಳಿದರೆ ಉತ್ತರ ಹೇಳುವವನು ಅವನು, ಬೇರೆ ಸಾಕ್ಷಿಯಿಲ್ಲ. ಅವನಿಗೆ ಕಲಿಸಿದ ಪಾಠವನ್ನು ಬದಲಿಸಬಹುದೆಂಬುದನ್ನು ಆಂಡ್ರೂ ಹುವಾಂಗ್ ಮತ್ತು ಶಾನ್ ಕ್ರಾಸ್ ಎಂಬಿಬ್ಬರು 2013ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮಾವೇಶವೊಂದರಲ್ಲಿ ಪ್ರತ್ಯಕ್ಷ ತೋರಿಸಿದರು. ಕಪಟಿಗಳಿಗೆ ಈ ವಿದ್ಯೆ ಮೊದಲೇ ಕರಗತವಾಗಿತ್ತು. 8 ಜಿಬಿಯ ಚಿಪ್ಪನ್ನು ಕೂರಿಸಿ 32 ಎಂದು ಹೇಳಲು ಕಲಿಸಿ, ಮೇಲೆ ಹೆಸರಾಂತ ಕಂಪನಿಯ ಮುದ್ರೆ ಒತ್ತಿದರೆ ಸರಕು ಸಿದ್ಧ. ಕಡತಗಳ ಹೆಸರು ಮತ್ತು ಗಾತ್ರದ ಪಟ್ಟಿ ಕಾರ್ಡಿನ ಆರಂಭದಲ್ಲಿ, ನಿಜವಾದ ಜಾಗದಲ್ಲಿ, ಇರುವುದರಿಂದ ಅದು ಅಚ್ಚುಕಟ್ಟಾಗಿ ಉಳಿಯುತ್ತದೆ. ಜಾಗ ಮುಗಿದ ಮೇಲೆ ಬಂದ ಬರಹವನ್ನು ಕೆಲವು ಕಾರ್ಡುಗಳು ಸದ್ದಿಲ್ಲದೆ ಗಾಳಿಗೆ ತೂರುತ್ತವೆ. ಇನ್ನು ಕೆಲವು ಮೊದಲಿನದರ ಮೇಲೆಯೇ ಬರೆದು ಹಳತು ಹೊಸತು ಎರಡನ್ನೂ ಕೆಡಿಸುತ್ತವೆ. ತೆಗೆದೊಡನೆ ಮಾಸ್ತರರಿಗೆ ಪರದೆಯಲ್ಲಿ ಕಾಣುತ್ತಿದ್ದ ಪುಟ, ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಇನ್ನೂ ಆರದಿದ್ದ ಪುಟವೇ ಹೊರತು ಕಾರ್ಡಿನಿಂದ ಮರಳಿ ಬಂದದ್ದಲ್ಲ.

ಹೀಗಿರುವಾಗ ಕಾರ್ಡನ್ನು ಆರಿಸುವ ಬಗೆ ಹೇಗೆ? ಅಂಗಡಿಯಲ್ಲಿ ನಿಂತವನಿಗೆ ಕಾಣುವುದು ಅಂಕಿಗಳ ಜಾತ್ರೆ. ವೃತ್ತದೊಳಗಿನ 10 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿಯಂತೆ ಬರೆಯಬಲ್ಲದೆಂದರ್ಥ. ಇಂಗ್ಲಿಷಿನ ಯು ಅಕ್ಷರದೊಳಗಿನ 3 ಎಂದರೆ 30 ಎಂಬಿ. ಎ1, ಎ2 ಎಂಬವು ಕಾರ್ಡಿನಿಂದಲೇ ತಂತ್ರಾಂಶಗಳನ್ನು ನಡೆಸುವವರಿಗೆ ಬೇಕಾದ ಚುರುಕನ್ನು ಹೇಳುತ್ತವೆ. ಇವೆಲ್ಲ ವೇಗದ ಮಾತುಗಳು. ಇಟ್ಟದ್ದನ್ನು ಮರಳಿ ಕೊಡುವೆನೆಂಬ ಮಾತು ಈ ಯಾವ ಗುರುತಿನಲ್ಲಿಯೂ ಇಲ್ಲ. ‘ಆಜೀವ ವಾರಂಟಿ’ ಎಂಬ ಬರಹಕ್ಕೂ ಮರುಳಾಗಬಾರದು. ಕೆಟ್ಟ ಕಾರ್ಡಿಗೆ ಬದಲಾಗಿ ಹೊಸ ಕಾರ್ಡು ಬಂದೀತು, ಅದರೊಳಗಿನ ಎರಡು ವರ್ಷದ ರವಿವಾರಗಳು ಬಾರವು. ಎಸ್‌ಡಿ ಕಾರ್ಡಿನ ಪಕ್ಕದ ಬೀಗದ ಗುಂಡಿಯೂ ಬರೀ ಸೂಚನೆ. ಅದನ್ನು ಪಾಲಿಸುವುದು ಬಿಡುವುದು ಕಾರ್ಡು ಓದುವ ಯಂತ್ರದ ಇಚ್ಛೆ.

ಮಾಸ್ತರರು ಹಿಡಿದ ದಾರಿ ಸರಳ. ಕಂಪನಿಯ ಅಧಿಕೃತ ಮಾರಾಟಗಾರರಲ್ಲಿ, ಬಿಲ್ಲಿನ ಸಮೇತ ಕೊಳ್ಳುವುದು. ಯಂತ್ರ ಎಷ್ಟು ಜಿಬಿಯವರೆಗೆ ಒಪ್ಪುತ್ತದೆಂಬುದನ್ನು ಮೊದಲೇ ತಿಳಿದುಕೊಳ್ಳುವುದು. 32ರವರೆಗಿನವು ಒಂದು ಜಾತಿ, ಅದರ ಮೇಲಿನವು ಇನ್ನೊಂದು, ಹಳೆಯ ಯಂತ್ರಗಳು ಎರಡನೆಯದನ್ನು ಓದದೆ ಹೋಗಬಹುದು. ದೊಡ್ಡದೊಂದರ ಬದಲು ಚಿಕ್ಕವೆರಡನ್ನು ಕೊಂಡು ಎರಡರಲ್ಲಿಯೂ ಅದನ್ನೇ ಇಡುವುದು. ಎಲ್ಲಕ್ಕೂ ಮುಖ್ಯವಾಗಿ, ಒಂದಕ್ಷರ ಒಪ್ಪಿಸುವ ಮುನ್ನ ಕಾರ್ಡನ್ನು ಕಂಠಪೂರ್ತಿ ತುಂಬಿಸಿ, ತುಂಬಿಸಿದ್ದನ್ನೆಲ್ಲ ಓದಿಸಿ, ತಾಳೆ ನೋಡುವುದು. ಇದಕ್ಕೆ ಜರ್ಮನಿಯ ಗಣಕಪತ್ರಿಕೆಯೊಂದರಿಂದ ಬಂದ ಎಚ್2ಟೆಸ್ಟ್‌ಡಬ್ಲ್ಯೂ, ಮತ್ತು ಎಫ್3 ಎಂಬ ತಂತ್ರಾಂಶಗಳು ಧರ್ಮಾರ್ಥವಾಗಿಯೇ ದೊರೆಯುತ್ತವೆ. ಸೆಕೆಂಡಿಗೆ 10 ಎಂಬಿಯಂತೆ 32 ಜಿಬಿ ತುಂಬಲು ಸುಮಾರು 53 ನಿಮಿಷ, ಓದಲು ಅದಕ್ಕಿಂತ ಕಡಿಮೆ. ಎರಡು ವರ್ಷದ ದುಡಿಮೆಗೆ ಎರಡು ತಾಸಿನ ಪರೀಕ್ಷೆಯಾಗಿರಲಿಲ್ಲವೆಂಬ ಲೆಕ್ಕವನ್ನು ಅವರು ಮಾಡಿದ್ದು ಎಷ್ಟು ಸಲವೋ.

ಪರೀಕ್ಷೆಯಲ್ಲಿ ಗೆದ್ದ ಕಾರ್ಡೂ ಚಿರಂಜೀವಿಯಲ್ಲ. ಕೋಶದೊಳಗೆ ಸೆರೆಯಿಟ್ಟ ವಿದ್ಯುದಂಶ ಕಾಲಕ್ರಮದಲ್ಲಿ, ಅದರಲ್ಲಿಯೂ ಸೆಖೆಯಲ್ಲಿ, ಹನಿಹನಿಯಾಗಿ ಸೋರುತ್ತದೆ. ಬರೆಯುತ್ತಿರುವಾಗ ಕಾರ್ಡನ್ನು ಕಿತ್ತರೆ, ಅಥವಾ ಯಂತ್ರದ ಬ್ಯಾಟರಿ ಆ ಗಳಿಗೆಗೆ ಮುಗಿದರೆ, ಹೆಸರುಪಟ್ಟಿಯೇ ಕೆಡಬಹುದು. ಅದಕ್ಕಾಗಿ ವರ್ಷಕ್ಕೊಮ್ಮೆ ಯುಗಾದಿಗೆ ಎಲ್ಲವನ್ನೂ ಓದಿಸಿ, ಮತ್ತೊಂದಕ್ಕೆ ನಕಲಿಳಿಸುವ ಪದ್ಧತಿಯನ್ನು ಅವರು ಮಾಡಿಕೊಂಡರು.

ಮೊದಲಿನ ಕಾರ್ಡನ್ನು ಹುಬ್ಬಳ್ಳಿಗೆ ಒಯ್ದಾಗ ಆ ಹುಡುಗ ಅಂಗಡಿ ಬಿಟ್ಟು ಹೋಗಿದ್ದ. ಬಿಲ್ಲಿಲ್ಲದ ಸರಕಿಗೆ ಮಾಲಕರು ಹೊಣೆಯಾಗಲಿಲ್ಲ. ಪಾಸ್‌ಪೋರ್ಟಿನ ವೃದ್ಧರಿಗೆ, ಅವರು ಮೊದಲು ಓದಿದ್ದ ಕನ್ನಡ ಶಾಲೆಯ ವಹಿಯಲ್ಲಿ ಆಧಾರ ಸಿಕ್ಕಿತು. ಅಮೇರಿಕೆಗೆ ಹೊರಡುವ ಮುನ್ನ ಅವರು ಮಾಸ್ತರರ ಮನೆಗೆ ಬಂದು, ಟ್ರಂಕಿನಲ್ಲಿ ಮಡಿಸಿಟ್ಟಿದ್ದ ತಮ್ಮ ಗೆಳೆಯನೊಬ್ಬನ 1963ರ ಎಲ್.ಸಿ.ಯನ್ನು ಮುಂದಿಟ್ಟರು. “ಇದರ ಮ್ಯಾಲ ರಜಿಸ್ಟರ್ ನಂಬರ್ ಐತ್ರಿ. ಅವನ ಸಾಲು ಇದರಾಗ ಸಿಗತೈತಿ ನೋಡ್ರಿ,” ಎಂದರು.

ಶಾಲೆ ಬಿಟ್ಟವರ ಮನೆಗಳಲ್ಲಿ ಉಳಿದ ಆ ಹಳದಿ ಕಾಗದಗಳಲ್ಲಿ ಮುಳುಗಿದ ವಹಿ ತುಂಡುತುಂಡಾಗಿ ಬದುಕಿತ್ತು. ಮಾಸ್ತರರು 1958ರಿಂದ 1966ರವರೆಗಿನ ವಿದ್ಯಾರ್ಥಿಗಳಿಗೆ, ತೀರಿಕೊಂಡವರಿದ್ದರೆ ಅವರ ಮಕ್ಕಳಿಗೆ, ಕಾರ್ಡು ಬರೆದರು. ಇದು ಅಂಚೆಯ ಕಾರ್ಡು. ಈವರೆಗೆ 41 ಎಲ್.ಸಿ.ಗಳು ಬಂದಿವೆ. ಪ್ರತಿಯೊಂದನ್ನೂ ಚಿತ್ರ ತೆಗೆದು, ಕಾರ್ಡನ್ನು ಹೊರಗೆಳೆದು, ಬೇರೊಂದು ಯಂತ್ರಕ್ಕೆ ಸಿಕ್ಕಿಸಿ, ತೆರೆಯಿತೆಂದು ಕಣ್ಣಾರೆ ಕಂಡ ಮೇಲೆಯೇ ಮೂಲವನ್ನು ರಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸಲಾಗಿದೆ. ಒಂದು ಕಾರ್ಡು ಮುಖ್ಯಾಧ್ಯಾಪಕರ ಕಪಾಟಿನ ಮೇಲಿನ ಅರೆಯಲ್ಲಿದೆ. ಇನ್ನೊಂದು ಧಾರವಾಡದಲ್ಲಿ, ಮಾಸ್ತರರ ಮಗಳ ಮನೆಯಲ್ಲಿದೆ.