ಮಾವನ ಪಿಕಪ್ಪಿನ ಎಂಜಿನ್ ನಂಬರು

ಗುರುಗ್ರಾಮದ ಚಳಿಗೆ ಬೆಂಕಿ ಹಾಕಿ ಕೂತರೆ ಹಳೆಯ ಮಾತು ತಾನಾಗಿ ಬರುತ್ತದೆ. ಇವತ್ತು ನಮ್ಮ ಮಾವನ ಎಫ್‌ಸಿ-150 ಪಿಕಪ್ಪಿನ ಕಥೆ ಕೇಳಿ.

ಮಹೀಂದ್ರಾದವರು ಈ ಮಾದರಿ ತಂದದ್ದು 1965ರಲ್ಲಿ. ಮುಂದೆ ಬಾನೆಟ್ಟೇ ಇಲ್ಲದ ಗಾಡಿ; ಎಂಜಿನ್ ಇರುವುದು ಎರಡು ಸೀಟುಗಳ ನಡುವೆ, ಮುಚ್ಚಳದಡಿ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಗುರುಗ್ರಾಮವೂ ಸೇರಿದ ದೆಹಲಿ ಎನ್‌ಸಿಆರ್‌ನಲ್ಲಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಶೆಡ್ಡು ಸೇರಿತು. 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮ ಬಂತು. 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಕಟ್ಟಿದರೆ 'ವಿಎ' ಸರಣಿಯ ನಂಬರು. ಮಾವನಿಗೆ ಆಸೆ ಚಿಗುರಿತು. ಆದರೆ ಗಾಡಿ ನೋಡಿದವರೆಲ್ಲ ಹೇಳಿದ್ದು ಒಂದೇ: "ಎಂಜಿನ್ ಬದಲಾಗಿದೆ. ಗುಜರಿಗೆ ಕೊಟ್ಟುಬಿಡಿ."

ಕೊನೆಗೆ ದೆಹಲಿಯ ಮಾಯಾಪುರಿಯಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮುಚ್ಚಳ ಎತ್ತಿದವರೇ ಕಾರ್ಬುರೇಟರ್ ಎಲ್ಲಿದೆ ಎಂದು ನೋಡಿದರು. ಹೆಡ್ಡಿನ ಮೇಲೆ ಕೂತಿತ್ತು.

"ಇದು ಹರಿಕೇನ್ ಎಂಜಿನ್, ಬಾಬೂಜಿ. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಯುದ್ಧಕಾಲದ ಜೀಪಿನ ಎಂಜಿನ್ ಆಗಿದ್ದರೆ ಎರಡೂ ಬ್ಲಾಕಿನಲ್ಲೇ ಇರ್ತಿದ್ದವು, ಕಾರ್ಬುರೇಟರ್ ಪಕ್ಕದಲ್ಲಿರ್ತಿತ್ತು."

"ಹರಿಕೇನ್ ಜೀಪುಗಳಿಗೂ ಬರ್ತಿತ್ತಲ್ಲ. ಅಲ್ಲಿಂದ ತೆಗೆದು ಇದಕ್ಕೆ ಕೂರಿಸಿದ್ದರೆ?" ಮಾವ ಕೇಳಿದರು.

"ಅದನ್ನ ನಂಬರ್ ಹೇಳತ್ತೆ."

ಬ್ಲಾಕಿನ ಮುಂಭಾಗ, ವಾಟರ್ ಪಂಪ್ ಕೂರುವ ಜಾಗದಲ್ಲಿ ಗ್ರೀಸು, ಧೂಳು ಗಟ್ಟಿಯಾಗಿ ಹೆಪ್ಪುಗಟ್ಟಿದ್ದವು. ಉಸ್ತಾದ್ ಉಕ್ಕಿನ ಬ್ರಷ್ಷಾಗಲಿ ಎಮರಿ ಕಾಗದವಾಗಲಿ ಹತ್ತಿರ ತರಲಿಲ್ಲ. ಅಲ್ಲಿ ಗೀರು ಕಂಡರೆ ನಂಬರ್ ತಿದ್ದಿದ್ದಾರೆಂಬ ಅನುಮಾನ ಬರುತ್ತದಂತೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಇಟ್ಟು ಕೊಳೆ ನೆನೆಸಿದರು, ಒರೆಸಿದರು, ಮತ್ತೆ ನೆನೆಸಿದರು. ಲೋಹ ಕಂಡ ಮೇಲೆ ಬಿಳಿ ಚಾಕ್ ಅಡ್ಡಡ್ಡ ಸವರಿ ಬೆರಳಿನಿಂದ ಮೆಲ್ಲಗೆ ಒರೆಸಿದರು. ತಗ್ಗಿನಲ್ಲಿ ಉಳಿದ ಪುಡಿ ಅಂಕಿಯಾಗಿ ಕಂಡಿತು.

"ಎರಕದಲ್ಲಿ ಉಬ್ಬಿಬಂದ ನಂಬರ್ ನೋಡಿ ಮೋಸ ಹೋಗಬೇಡಿ. ಅದು ಅಚ್ಚಿನದು, ಎಷ್ಟೋ ಬ್ಲಾಕುಗಳಿಗೆ ಒಂದೇ. ಹೀಗೆ ಕುಟ್ಟಿ ಒತ್ತಿದ್ದು ಈ ಒಂದೇ ಎಂಜಿನ್ನಿನದು."

ಮಾವ ಆರ್‌ಸಿ ಹಿಡಿದು ಒಂದೊಂದೇ ಅಂಕಿ ಓದಿದರು, ನಾನು ಬ್ಲಾಕ್ ನೋಡಿ ಹೂಂ ಅನ್ನುತ್ತಾ ಹೋದೆ. ಕೊನೆಯ ಅಂಕಿಯವರೆಗೂ ತಾಳೆಯಾಯಿತು. ಹಾಗಾದರೆ ಎಲ್ಲರೂ ಬದಲಾಗಿದೆ ಎಂದದ್ದೇಕೆ? ಹಿಂದೊಮ್ಮೆ ಹೆಡ್ ಬದಲಿಸಿದ್ದರು. ಅದರ ಹೊಸತನ ಕಂಡವರು ಕೆಳಗೆ ಬಗ್ಗಿ ನೋಡಿರಲಿಲ್ಲ.

"ಹೆಡ್ ಹಾಕೋದು ರಿಪೇರಿ. ಬ್ಲಾಕ್ ಬದಲಾದರೆ ಮಾತ್ರ ಎಂಜಿನ್ನೇ ಬೇರೆ" ಎಂದರು ಉಸ್ತಾದ್.

ಆ ಚಾಕ್ ಅಂಕಿಗಳ ಫೋಟೊ ಮಾವನ ಅರ್ಜಿಯ ಜೊತೆ ಹೋಯಿತು. ಹಳೆಯ ಗಾಡಿ ಇಟ್ಟುಕೊಂಡವರಿಗೆಲ್ಲ ನಾನು ಹೇಳುವುದಿಷ್ಟೇ: ಯಾರದೋ ಬಾಯಿಮಾತಿಗೆ ಗುಜರಿಗೆ ಹಾಕಬೇಡಿ. ಮೊದಲು ಬ್ಲಾಕ್ ಒರೆಸಿ, ಆರ್‌ಸಿ ಪಕ್ಕದಲ್ಲಿಟ್ಟು ಓದಿ.